ಟಿಟಿ-02 ಕಾರಿಗೆ ಮೊದಲು ಯಾವ ಭಾಗ ಬದಲಿಸಬೇಕು?

ಪ್ರಶ್ನೆ: ತಮಿಯಾ ಕಂಪನಿಯ ಟಿಟಿ-02 ರಿಮೋಟ್ ಕಂಟ್ರೋಲ್ ಕಾರಿನ ಕಿಟ್ ಜೋಡಿಸಿ ಮುಗಿಸಿದ್ದೇನೆ. ಇನ್ನು ವೇಗದ ಮೋಟಾರ್ ಹಾಕಲೋ, ಅಲ್ಯೂಮಿನಿಯಂ ಭಾಗ ಕೊಳ್ಳಲೋ?

ಸದ್ಯಕ್ಕೆ ಎರಡೂ ಬೇಡ, ಮೊದಲು ಬಾಲ್ ಬೇರಿಂಗ್ ತನ್ನಿ. ಕಿಟ್‌ನಲ್ಲಿ ಸಾಮಾನ್ಯವಾಗಿ ಬರುವುದು ಪ್ಲಾಸ್ಟಿಕ್ ಬುಷ್, ಅಂದರೆ ಗುಂಡುಗಳಿಲ್ಲದ ಬರೀ ಬಳೆ. ದೂಳು ಹೊಕ್ಕರೆ ಅದರ ತೂತು ಸವೆದು ದೊಡ್ಡದಾಗುತ್ತದೆ, ಚಕ್ರ ಅಲ್ಲಾಡುತ್ತದೆ, ಗೇರ್ ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಮೋಟಾರ್ ಶಕ್ತಿಯ ಒಂದು ಪಾಲು ಹೀಗೆ ಉಜ್ಜಾಟದಲ್ಲೇ ಹೋಗುತ್ತದೆ. ಬೇಕಾದ ಮುಖ್ಯ ಅಳತೆ 1150, ಅಂದರೆ ಹೊರವ್ಯಾಸ 11 ಮಿಮೀ, ಒಳವ್ಯಾಸ 5 ಮಿಮೀ, ದಪ್ಪ 4 ಮಿಮೀ. ಕೂರಿಸುವಾಗ ಹೊರ ಉಂಗುರವನ್ನು ಮಾತ್ರ ಒತ್ತಿ. ಬಿಗಿ ಎನಿಸಿದರೆ ಸುತ್ತಿಗೆ ಹಿಡಿಯಬೇಡಿ. ಗೂಡಿನ ಅಂಚಿನಲ್ಲಿ ಉಳಿದ ಪ್ಲಾಸ್ಟಿಕ್ ಚೂರನ್ನು ಬ್ಲೇಡಿನಿಂದ ಕೆರೆದರೆ ಸಾಕು. ಮೋಟಾರ್ ಬಿಚ್ಚಿಟ್ಟು ಬೆರಳಿನಿಂದ ಚಕ್ರ ತಿರುಗಿಸಿ ನೋಡಿ, ಎಲ್ಲೂ ತಡೆಯಬಾರದು.

ಆಮೇಲೆ ಡ್ಯಾಂಪರ್, ಅಂದರೆ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್. ಮೂಲ ಕಿಟ್‌ನ ಡ್ಯಾಂಪರ್‌ಗಳಲ್ಲಿ ಎಣ್ಣೆಯೇ ಇಲ್ಲ, ಬರೀ ಉಜ್ಜಾಟದ ತಡೆ. ಹಾಗಾಗಿ ಕಾರು ಗುಂಡಿ ದಾಟಿದ ಮೇಲೂ ಕುಣಿಯುತ್ತದೆ. ಎಣ್ಣೆ ತುಂಬುವ, ತಮಿಯಾದ ಸಿವಿಎ ಎಂಬ ಪ್ಲಾಸ್ಟಿಕ್ ಡ್ಯಾಂಪರ್ ಸಾಕು, ಎಣ್ಣೆಯ ಮಂದತೆಯ ಅಂಕ 400ರ ಆಸುಪಾಸು ಇರಲಿ. ಕಂಠದವರೆಗೆ ತುಂಬಿ ಪಿಸ್ಟನ್ನನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಗುಳ್ಳೆ ಹೋಗುವವರೆಗೆ ನಿಲ್ಲಿಸಿಟ್ಟು ಮುಚ್ಚಿ. ಗುಳ್ಳೆ ಉಳಿದರೆ ಒತ್ತಿದಾಗ ಪಚಪಚ ಸದ್ದು ಬರುತ್ತದೆ, ನಾಲ್ಕೂ ಒಂದೇ ತರಹ ಕೆಲಸ ಮಾಡುವುದಿಲ್ಲ.

ಸ್ಟೀರಿಂಗ್ ಬಿಟ್ಟರೂ ಕಾರು ನೇರಕ್ಕೆ ಬರುವುದಿಲ್ಲವೇ? ತಪ್ಪು ಸಾಮಾನ್ಯವಾಗಿ ಸರ್ವೊದ್ದಲ್ಲ (ಸ್ಟೀರಿಂಗ್ ತಿರುಗಿಸುವ ಪುಟ್ಟ ಮೋಟಾರ್), ಮೆತ್ತಗಿರುವ ಸರ್ವೊ ಸೇವರಿನದು, ಅಂದರೆ ಪೆಟ್ಟು ಬಿದ್ದಾಗ ಸರ್ವೊವನ್ನು ಕಾಯುವ ಸ್ಪ್ರಿಂಗ್ ಭಾಗದ್ದು. ಗಟ್ಟಿ ಸ್ಪ್ರಿಂಗಿನ ಸೇವರ್ ಹಾಕದೆ ದುಬಾರಿ ಸರ್ವೊ ತಂದರೆ ಫಲವಿಲ್ಲ.

ಇಷ್ಟಾದ ಮೇಲೆ ಮೋಟಾರ್. ನಿಮ್ಮ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಎಷ್ಟು ಟರ್ನ್‌ವರೆಗೆ (ಮೋಟಾರಿನೊಳಗಿನ ತಂತಿಯ ಸುತ್ತು) ತಾಳುತ್ತದೆ ಎಂದು ಮೊದಲು ನೋಡಿ. ಟರ್ನ್ ಕಡಿಮೆಯಾದಂತೆ ಕರೆಂಟ್ ಹೆಚ್ಚು. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯಾದರೆ ಇಎಸ್‌ಸಿಯಲ್ಲಿ ಕಡಿಮೆ ವೋಲ್ಟೇಜಿಗೆ ನಿಲ್ಲಿಸುವ ವ್ಯವಸ್ಥೆ ಇರಬೇಕು, ಇಲ್ಲದಿದ್ದರೆ ಅಲಾರಂ ಸಿಕ್ಕಿಸಿ: ಒಂದು ಸೆಲ್ 3 ವೋಲ್ಟಿಗಿಂತ ಕೆಳಗಿಳಿದರೆ ಹಾಳಾಗುತ್ತದೆ. ಕಿಟ್‌ನಲ್ಲಿ 70 ಹಲ್ಲಿನ ಸ್ಪರ್ (ದೊಡ್ಡ ಗೇರ್) ಜೊತೆಗೆ ಬರುವುದು 22 ಹಲ್ಲಿನ ಪಿನಿಯನ್ (ಮೋಟಾರಿಗೆ ಸಿಕ್ಕಿಸುವ ಚಿಕ್ಕ ಗೇರ್). ಪಿನಿಯನ್ ಹಲ್ಲು ಹೆಚ್ಚಿಸಿದರೆ ವೇಗದ ಜೊತೆ ಬಿಸಿಯೂ ಏರುತ್ತದೆ. ಐದು ನಿಮಿಷ ಓಡಿಸಿ ಮೋಟಾರ್ ಮುಟ್ಟಿ. ಬೆರಳಿಡಲಾಗದಿದ್ದರೆ ಒಂದು ಹಲ್ಲು ಇಳಿಸಿ. ಮೋಟಾರಿನ ಸ್ಕ್ರೂ ತೂತುಗಳು ಪಿನಿಯನ್ ಹಲ್ಲಿಗೆ ತಕ್ಕಂತೆ ಬೇರೆ ಬೇರೆ. ತಪ್ಪು ತೂತಿಗೆ ಹಾಕಿದರೆ ಗೇರ್ ಕಿರುಚುತ್ತದೆ, ಇಲ್ಲವೇ ಹಲ್ಲು ಉದುರುತ್ತದೆ.

ಅಲ್ಯೂಮಿನಿಯಂ ಸಸ್ಪೆನ್ಷನ್ ಆರ್ಮ್ ನೋಡಲು ಚೆಂದ, ಅಷ್ಟೆ. ಕಟ್ಟೆಗೆ ಗುದ್ದಿದಾಗ ಪ್ಲಾಸ್ಟಿಕ್ ಆರ್ಮ್ ಬಾಗಿ ಹಿಂದಕ್ಕೆ ಬರುತ್ತದೆ, ತುಂಡಾದರೂ ಅಗ್ಗದಲ್ಲಿ ಮುಗಿಯುತ್ತದೆ. ಲೋಹದ್ದು ಬಾಗಿದರೆ ಬಾಗಿದಂತೆಯೇ ಉಳಿಯುತ್ತದೆ, ಬಾಗದಿದ್ದರೆ ಪೆಟ್ಟೆಲ್ಲ ಚಾಸಿಗೆ ಹೋಗುತ್ತದೆ. ಲೋಹಕ್ಕೆ ದುಡ್ಡು ಹಾಕಲೇಬೇಕೆಂದರೆ ಮುಂದಿನ ಚಕ್ರಗಳಿಗೆ ಯೂನಿವರ್ಸಲ್ ಶಾಫ್ಟ್ (ಚಕ್ರ ತಿರುಗಿಸುವ ಕೀಲುಳ್ಳ ದಂಡ) ಕೊಳ್ಳಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಬರುವ ಕಟಕಟ ಸದ್ದು ತಗ್ಗುತ್ತದೆ.