ಟೋಪಿ ಒಂದೇ, ಕೂಗು ಬೇರೆ

ಬ್ರಿಟನ್ನಿನ ವಿಲೋ ಟಿಟ್ ಸುಮಾರು ಹತ್ತು ಗ್ರಾಂ ತೂಗುವ ಹಕ್ಕಿ. ಕರಿ ಟೋಪಿ, ಬಿಳಿ ಕೆನ್ನೆ, ಗದ್ದದ ಕೆಳಗೆ ಕಪ್ಪು ಮಚ್ಚೆ, ಕಂದು ಮೈ. ಅಲ್ಲಿನ ಮಾರ್ಷ್ ಟಿಟ್ ಕೂಡ ನೋಡೋಕೆ ಹೀಗೇ! ಹಕ್ಕಿ ಹುಚ್ಚಿಗೆ ಹೆಸರಾದ ಆ ದೇಶದಲ್ಲೇ 1897ರ ತನಕ ಎರಡನ್ನೂ ಒಂದೇ ಎಂದುಕೊಂಡಿದ್ದರು. ಆ ವರ್ಷ ಅರ್ನ್ಸ್ಟ್ ಹಾರ್ಟರ್ಟ್ ಮತ್ತು ಒಟ್ಟೊ ಕ್ಲೈನ್‌ಶ್ಮಿಟ್ ಎಂಬ ಜರ್ಮನ್ ತಜ್ಞರು ಬ್ರಿಟಿಷ್ ಮ್ಯೂಸಿಯಂನಲ್ಲಿ ಮಾರ್ಷ್ ಟಿಟ್‌ಗಳ ಜೊತೆ ಸೇರಿಹೋಗಿದ್ದ ಎರಡು ವಿಲೋ ಟಿಟ್‌ಗಳನ್ನು ಪತ್ತೆ ಮಾಡಿದರು. 1900ರಲ್ಲಿ ಬ್ರಿಟನ್ನಿನ ವಿಲೋ ಟಿಟ್ ಉಪಜಾತಿಗೆ ಕ್ಲೈನ್‌ಶ್ಮಿಟ್ ಹೆಸರೇ ಬಂತು.

ಗೊಂದಲಕ್ಕೆ ಕಾರಣ ಈ ಉಪಜಾತಿಯೇ. ಸ್ಕ್ಯಾಂಡಿನೇವಿಯಾದ ವಿಲೋ ಟಿಟ್ ಬೂದು ಬಣ್ಣದ್ದು, ಕೆನ್ನೆ ಅಚ್ಚ ಬಿಳಿ. ಬ್ರಿಟನ್ನಿನದು ಕಂದು, ಮಂಕು. ರೆಕ್ಕೆ ಮೇಲೆ ತಿಳಿ ಪಟ್ಟಿ ಇರುತ್ತದೆ, ಆದರೆ ಗರಿ ಸವೆದರೆ ಅದೂ ಮಾಯ. ಮಾರ್ಷ್ ಟಿಟ್‌ನ ಮೇಲ್ಕೊಕ್ಕಿನ ಬುಡದಲ್ಲಿ ಒಂದು ಬಿಳಿ ಚುಕ್ಕೆ ಇರುತ್ತದೆ. ಹಕ್ಕಿ ಕೈಯಲ್ಲಿದ್ದರೆ ಅಥವಾ ಫೋಟೋ ಚೆನ್ನಾಗಿದ್ದರೆ ಅದು ಒಳ್ಳೆ ಗುರುತು. ಕೊಂಬೆಯಿಂದ ಕೊಂಬೆಗೆ ಹಾರುವಾಗ ಅದನ್ನು ಯಾರು ನೋಡುತ್ತಾರೆ, ಅಲ್ವಾ? ಹಾಗಾಗಿ ನನ್ನ ಮತ ಕಿವಿಗೆ. ಮಾರ್ಷ್ ಟಿಟ್ ಸೀನಿದಂತೆ 'ಪಿಚೂ' ಎನ್ನುತ್ತದೆ. ವಿಲೋ ಟಿಟ್ ಮೂಗಿನಲ್ಲಿ 'ಚೇ ಚೇ ಚೇ' ಎಂದು ಎಳೆಯುತ್ತದೆ.

ಈ ಕೂಗು ಈಗ ಅಪರೂಪ. 1970ರ ದಶಕದಿಂದ ಬ್ರಿಟನ್ನಿನಲ್ಲಿ ವಿಲೋ ಟಿಟ್‌ಗಳ ಸಂಖ್ಯೆ ಶೇಕಡಾ 90ಕ್ಕಿಂತ ಜಾಸ್ತಿ ಕುಸಿದಿದೆ. 2019–21ರ ಗಣತಿಯಲ್ಲಿ ಸಿಕ್ಕ ಅಂದಾಜು ಸುಮಾರು 5,700 ಜೋಡಿ. ವಿಲೋ ಟಿಟ್ ಜಪಾನ್ ತನಕ ಹರಡಿದೆ, ನಿಜ. ಆದರೆ ಈ ಉಪಜಾತಿ ಬ್ರಿಟನ್ ಬಿಟ್ಟರೆ ಬೇರೆಲ್ಲೂ ಇಲ್ಲ.

ಮಾರ್ಷ್ ಟಿಟ್ ಸಿಕ್ಕಿದ ಪೊಟರೆಯಲ್ಲಿ ಗೂಡು ಕಟ್ಟುತ್ತದೆ. ವಿಲೋ ಟಿಟ್‌ಗೆ ಪ್ರತಿ ವರ್ಷ ತಾನೇ ಹೊಸದಾಗಿ ಕೊರೆಯಬೇಕು. ಕೊಕ್ಕು ಪುಟ್ಟದು, ಆದ್ದರಿಂದ ಮೆತ್ತಗೆ ಕೊಳೆತ ಬರ್ಚ್, ಆಲ್ಡರ್ ಬೊಡ್ಡೆಯೇ ಆಗಬೇಕು. ಕೊರೆದು ಮುಗಿಸಿದ ಮೇಲೆ ಬ್ಲೂ ಟಿಟ್ ಬಂದು ಓಡಿಸುವುದುಂಟು, ಮರಕುಟಿಗ ಗೂಡು ಒಡೆದು ಮರಿ ತಿನ್ನುವುದೂ ಉಂಟು. ಮೇಲಾಗಿ ಇದಕ್ಕೆ ಬೇಕಾದ್ದು ತೇವದ ನೆಲ, ಎಳೆಯ ಪೊದೆಗಾಡು. ಅಂಥ ಜಾಗ ಈಗ ಹೆಚ್ಚಾಗಿ ಉಳಿದಿರುವುದು ಉತ್ತರ ಇಂಗ್ಲೆಂಡಿನಲ್ಲಿ, ಮುಚ್ಚಿದ ಕಲ್ಲಿದ್ದಲು ಗಣಿಗಳ ಸುತ್ತ. ಅಲ್ಲೂ ಮರ ದೊಡ್ಡದಾಗಿ ನೆಲ ಒಣಗಿದರೆ ಹಕ್ಕಿ ಜಾಗ ಬಿಡುತ್ತದೆ. ಅದಕ್ಕೇ ಕೆಲವು ಕಡೆ ಬೇಕೆಂದೇ ಮರ ಕಡಿದು ಪೊದೆ ಚಿಗುರಲು ಬಿಡುತ್ತಾರೆ, ಕೊಳೆತ ಬರ್ಚ್ ತುಂಡುಗಳನ್ನು ತಂದು ನಿಂತ ಮರಕ್ಕೆ ಕಟ್ಟುತ್ತಾರೆ.