ಆಮೆಯ ಕಣ್ಣೀರಿನ ಉಪ್ಪು

ಜನವರಿಯ ಒಂದು ರಾತ್ರಿ. ಹೊನ್ನಾವರದ ಕಾಸರಕೋಡ ಟೊಂಕದ ಮರಳಿನ ಮೇಲೆ ನಾವು ಏಳೆಂಟು ಜನ ಮಾತಿಲ್ಲದೆ ಕೂತಿದ್ದೆವು. ಹತ್ತು ಅಡಿ ದೂರದಲ್ಲಿ ಒಂದು ಆಲಿವ್ ರಿಡ್ಲೆ ಕಡಲಾಮೆ ಹಿಂಗಾಲಿನಿಂದ ಗುಂಡಿ ತೋಡಿ ಮೊಟ್ಟೆ ಇಡುತ್ತಿತ್ತು. ಜೊತೆಗಿದ್ದ ಅರಣ್ಯ ಇಲಾಖೆಯ ಗಾರ್ಡ್ ಟಾರ್ಚಿಗೆ ಕೆಂಪು ಬಟ್ಟೆ ಸುತ್ತಿ, ಆಮೆಯ ಹಿಂದಿನಿಂದ ಒಂದೇ ಒಂದು ಸಲ ಬೆಳಕು ಬಿಟ್ಟರು. ಆಗ ಕಂಡಿತು. ಆಮೆಯ ಕಣ್ಣಿನ ಮೂಲೆಯಿಂದ ದಪ್ಪನೆಯ ನೀರು ಇಳಿಯುತ್ತಿತ್ತು. ನಮ್ಮ ಕಣ್ಣೀರಿನ ಹಾಗೆ ತೆಳ್ಳಗಲ್ಲ, ಲೋಳೆಸರದ ರಸದ ಹಾಗೆ, ಎಳೆಎಳೆಯಾಗಿ. ಕೆನ್ನೆಯ ಮೇಲೆ ಮರಳು ಅಂಟಿಕೊಂಡು ಅದರಲ್ಲೊಂದು ಗೆರೆ ಮೂಡಿತ್ತು.

'ಪಾಪ, ಹೆರಿಗೆ ನೋವು. ನೋಡಿ ಹೇಗೆ ಅಳ್ತಾ ಇದೆ' ಅಂದರು ಒಬ್ಬರು. ಇನ್ನೊಬ್ಬರು ಕೈ ಮುಗಿದರು. ಮೂರನೆಯವರು ಆ ನೀರನ್ನು ಬೆರಳಿಗೆ ತಗೊಂಡು ಕಣ್ಣಿಗೆ ಒತ್ತಿಕೊಂಡರೆ ಒಳ್ಳೆಯದಾಗುತ್ತದೆ ಎಂದು ಎದ್ದೇಬಿಟ್ಟರು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಮೀನುಗಾರರೊಬ್ಬರು ಅವರ ಕೈ ಹಿಡಿದು ಕೂರಿಸಿದರು. 'ಮುಟ್ಬೇಡ ತಮಾ. ಹೆದರಿ ಎದ್ದು ಹೋದ್ರೆ ಮೊಟ್ಟೆ ಹೊಟ್ಟೆಲೇ ಉಳೀತದೆ.'

ಆಮೆ ಅಳುತ್ತಿರಲಿಲ್ಲ. ಉಪ್ಪನ್ನು ಹೊರಗೆ ಹಾಕುತ್ತಿತ್ತು. ಸಮುದ್ರದ ಒಳಗಿದ್ದಾಗಲೂ ಅದು ಇದನ್ನೇ ಮಾಡುತ್ತಿರುತ್ತದೆ, ಹುಟ್ಟಿದ ದಿನದಿಂದ ಸಾಯುವ ದಿನದವರೆಗೆ. ಅಲ್ಲಿ ನೀರಿನೊಳಗೆ ನೀರು ಸೇರಿಹೋಗುವುದರಿಂದ ಯಾರಿಗೂ ಕಾಣುವುದಿಲ್ಲ. ಮೊಟ್ಟೆ ಇಡಲು ಮರಳಿಗೆ ಬಂದ ಆ ಒಂದು ಗಂಟೆ ಮಾತ್ರ ನಮಗೆ ಕಾಣುತ್ತದೆ, ಅದಕ್ಕೇ ನಾವು ನೋವಿಗೂ ಕಣ್ಣೀರಿಗೂ ಗಂಟು ಹಾಕಿಬಿಟ್ಟೆವು. ಮರಳು ಬಿದ್ದ ಕಣ್ಣನ್ನು ತೊಳೆಯಲು ಆ ನೀರು ನೆರವಾಗುತ್ತದೆ ಅನ್ನುವುದೂ ನಿಜ, ಆದರೆ ಅದರ ಮುಖ್ಯ ಕೆಲಸ ಬೇರೆಯೇ.

ಲೆಕ್ಕ ನೋಡಿ. 1 ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನಮ್ಮ ರಕ್ತದಲ್ಲಿ ಲೀಟರಿಗೆ ಸುಮಾರು 9 ಗ್ರಾಂ. ಆಮೆಯ ರಕ್ತವೂ ಹೆಚ್ಚುಕಡಿಮೆ ಅಷ್ಟೇ ಸಪ್ಪೆ. ಅಂದರೆ ತನಗಿಂತ ಮೂರು ಪಟ್ಟಿಗೂ ಜಾಸ್ತಿ ಉಪ್ಪಿರುವ ನೀರಿನಲ್ಲಿ ಈ ಪ್ರಾಣಿ ಬದುಕುತ್ತದೆ, ಅಲ್ಲೇ ತಿನ್ನುತ್ತದೆ, ಅದನ್ನೇ ಕುಡಿಯುತ್ತದೆ. ನಾವು ಹಾಗೆ ಕುಡಿದರೆ ಸಾಯುತ್ತೇವೆ. ಯಾಕೆಂದರೆ ನಮ್ಮ ಮೂತ್ರಪಿಂಡ ಎಷ್ಟೇ ಒದ್ದಾಡಿದರೂ ಸಮುದ್ರದಷ್ಟು ಉಪ್ಪಾದ ಮೂತ್ರ ಮಾಡಲಾರದು. 1 ಲೀಟರ್ ಕಡಲ ನೀರಿನ ಉಪ್ಪನ್ನು ಹೊರಹಾಕಲು 1 ಲೀಟರಿಗಿಂತ ಜಾಸ್ತಿ ನೀರು ಬೇಕು. ಕುಡಿದಷ್ಟೂ ಬಾಯಾರಿಕೆ.

ಇದನ್ನು ಅಡುಗೆಮನೆಯಲ್ಲಿ ನಿಂತು ಯೋಚಿಸಿದರೆ ಸುಲಭ. ಸಾರಿಗೆ ಉಪ್ಪು ಜಾಸ್ತಿಯಾದರೆ ಏನು ಮಾಡುತ್ತೇವೆ? ನೀರು ಬೆರೆಸುತ್ತೇವೆ. ನಮ್ಮ ಮೂತ್ರಪಿಂಡದ ದಾರಿಯೂ ಅದೇ, ಉಪ್ಪನ್ನು ನೀರಿನ ಜೊತೆ ಕಳಿಸುವುದು. ಬೆರೆಸಲು ಒಳ್ಳೆಯ ನೀರು ಇದ್ದರೆ ಸರಿ. ನಡು ಸಮುದ್ರದಲ್ಲಿ ಎಲ್ಲಿಂದ ತರುವುದು? ಆಮೆಯ ಮೂತ್ರಪಿಂಡ ನಮ್ಮದಕ್ಕಿಂತಲೂ ಬಡಪಾಯಿ, ರಕ್ತಕ್ಕಿಂತ ಗಟ್ಟಿಯಾದ ಮೂತ್ರವನ್ನೇ ಮಾಡಲಾರದು. ಹಾಗಾಗಿ ಅದು ಬೇರೆ ದಾರಿ ಹಿಡಿಯಿತು. ಸಾರಿನಿಂದ ಉಪ್ಪನ್ನೇ ಕಾಳುಕಾಳಾಗಿ ಆರಿಸಿ ತೆಗೆದು, ಸಾರನ್ನು ಪಾತ್ರೆಯಲ್ಲೇ ಉಳಿಸಿಕೊಳ್ಳುವ ದಾರಿ. ಆ ಆರಿಸುವ ಕೆಲಸ ನಡೆಯುವುದು ಕಣ್ಣಿನ ಹಿಂದಿರುವ ಉಪ್ಪಿನ ಗ್ರಂಥಿಯಲ್ಲಿ. ಅಲ್ಲಿಂದ ಬರುವ ನೀರು ಸಮುದ್ರಕ್ಕಿಂತ ಸುಮಾರು ಎರಡು ಪಟ್ಟು ಉಪ್ಪು. ಲೋಳೆಮೀನುಗಳನ್ನು ತಿಂದೇ ಬದುಕುವ ಲೆದರ್‌ಬ್ಯಾಕ್ ಎಂಬ ದೊಡ್ಡ ಕಡಲಾಮೆಯಲ್ಲಂತೂ ಈ ಗ್ರಂಥಿ ಮೆದುಳಿಗಿಂತ ದೊಡ್ಡದು.

ಇದು ಹೇಗೆ ನಡೆಯುತ್ತದೆ ಅನ್ನುವುದೇ ನನಗೆ ಅತಿ ಇಷ್ಟದ ಭಾಗ, ಸ್ವಲ್ಪ ತಾಳ್ಮೆಯಿಂದ ಓದಿ. ಉಪ್ಪು ತಾನಾಗಿಯೇ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುತ್ತದೆ, ನೀರು ಇಳಿಜಾರಿನಲ್ಲಿ ಹರಿದ ಹಾಗೆ. ಆಮೆಗೆ ಬೇಕಾದದ್ದು ಉಲ್ಟಾ. ಸಪ್ಪೆ ರಕ್ತದಿಂದ ಉಪ್ಪಾದ ಕಣ್ಣೀರಿಗೆ ಏರಿಸಬೇಕು. ಹಿಂದೆ ಬಾವಿಯಿಂದ ತೋಟಕ್ಕೆ ಏತ ಹೊಡೆದು ನೀರೆತ್ತುತ್ತಿದ್ದರಲ್ಲ, ಅಂಥ ಏತ ಒಂದು ಬೇಕು. ಆ ಏತ ಪ್ರತಿ ಜೀವಕೋಶದ ಗೋಡೆಯಲ್ಲಿದೆ. ಒಂದೊಂದು ಸಲ ಎತ್ತಿದಾಗಲೂ 3 ಸೋಡಿಯಂ ಕಣಗಳನ್ನು ಕೋಶದಿಂದ ಹೊರಗೆ ದಬ್ಬಿ 2 ಪೊಟ್ಯಾಸಿಯಂ ಕಣಗಳನ್ನು ಒಳಗೆ ತರುತ್ತದೆ.

ವಿಚಿತ್ರ ಏನು ಗೊತ್ತಾ, ಈ ಏತ ಸೋಡಿಯಂ ಅನ್ನು ಕಣ್ಣೀರಿನ ಕಡೆಗೆ ದಬ್ಬುವುದೇ ಇಲ್ಲ. ವಾಪಸ್ ರಕ್ತದ ಕಡೆಗೇ ದಬ್ಬುತ್ತದೆ! ಹಾಗಾದರೆ ಉಪ್ಪು ಹೊರಗೆ ಹೋಗುವುದು ಹೇಗೆ? ಜಾತ್ರೆಗೆ ಹೊರಟ ಬಸ್ಸನ್ನು ನೆನೆಸಿಕೊಳ್ಳಿ. ಹಿಂಬಾಗಿಲಲ್ಲಿ ಕಂಡಕ್ಟರ್ ಸೋಡಿಯಂ ಎಂಬ ಪ್ರಯಾಣಿಕರನ್ನು ಇಳಿಸುತ್ತಲೇ ಇದ್ದಾನೆ. ಬಸ್ಸು ಖಾಲಿ ಕಾಣುವುದರಿಂದ ಕೆಳಗಿರುವ ಸೋಡಿಯಂ ಮತ್ತೆ ಹತ್ತಲು ನುಗ್ಗುತ್ತದೆ. ಆದರೆ ಹತ್ತುವ ಬಾಗಿಲಲ್ಲಿ ಒಂದು ನಿಯಮ. ಒಂಟಿಯಾಗಿ ಬಿಡುವುದಿಲ್ಲ, 1 ಸೋಡಿಯಂ, 1 ಪೊಟ್ಯಾಸಿಯಂ, 2 ಕ್ಲೋರೈಡ್ ಕೈ ಕೈ ಹಿಡಿದು ಬಂದರೆ ಮಾತ್ರ ಪ್ರವೇಶ. ಸೋಡಿಯಂ ಒಳಗೆ ಬಂದ ಕೂಡಲೇ ಕಂಡಕ್ಟರ್ ಅದನ್ನು ಮತ್ತೆ ಇಳಿಸುತ್ತಾನೆ. ಪೊಟ್ಯಾಸಿಯಂಗೂ ಹಿಂದಕ್ಕೆ ಹೋಗುವ ದಾರಿಯಿದೆ. ಜೊತೆಗೆ ಬಂದ ಕ್ಲೋರೈಡ್ ಮಾತ್ರ ಒಳಗೇ ಉಳಿದು ಗುಂಪುಗೂಡುತ್ತದೆ. ಅದಕ್ಕೆ ಇಳಿಯಲು ಇರುವ ದೊಡ್ಡ ಬಾಗಿಲು ಒಂದೇ, ಅದು ಇರುವುದು ಮುಂದುಗಡೆ, ಕಣ್ಣೀರಿನ ನಾಳದ ಕಡೆಗೆ. ಕ್ಲೋರೈಡ್ ಅಲ್ಲಿ ಇಳಿಯುತ್ತದೆ. ಅದು ಋಣ ವಿದ್ಯುತ್ ಹೊತ್ತ ಕಣ, ಸೋಡಿಯಂ ಧನ. ನಾಳದಲ್ಲಿ ಕ್ಲೋರೈಡ್ ತುಂಬಿದಂತೆ ಅದರ ಸೆಳೆತಕ್ಕೆ ಸಿಕ್ಕಿದ ಸೋಡಿಯಂ ಬಸ್ಸು ಹತ್ತದೆಯೇ, ಕೋಶ ಕೋಶಗಳ ನಡುವಿನ ಸಂದಿಯಲ್ಲಿ ನುಸುಳಿಕೊಂಡು ಹೋಗಿ ಆ ಕಡೆ ಸೇರುತ್ತದೆ. ಸೋಡಿಯಂ, ಕ್ಲೋರೈಡ್ ಎರಡೂ ಸೇರಿದರೆ ಉಪ್ಪು. ಕಂಡಕ್ಟರ್ ಒಂದು ಕಡೆ ಮಾಡಿದ ಕೆಲಸದಿಂದ ಇನ್ನೊಂದು ಕಡೆ ಜಾತ್ರೆ ಸೇರಿತು! ಇಂಥ ನಾಳಗಳು ಗ್ರಂಥಿಯಲ್ಲಿ ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ. ಏತ ಎಳೆಯಲು ಶಕ್ತಿ ಬೇಕಲ್ಲ, ಅದಕ್ಕೆ ಈ ಕೋಶಗಳ ತುಂಬ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಾಗಳು ತುಂಬಿರುತ್ತವೆ.

ಈ ಏತವನ್ನು ಕಂಡುಹಿಡಿದ ಕಥೆ ಏಡಿಯದ್ದು. ಡೆನ್ಮಾರ್ಕಿನ ಯೆನ್ಸ್ ಸ್ಕೂ ಎಂಬ ವೈದ್ಯರು ಏಡಿಯ ಕಾಲಿನ ನರಗಳನ್ನು ಅರೆದು ಪರೀಕ್ಷಿಸುತ್ತಿದ್ದರು. ಅಲ್ಲಿ ಈ ಏತ ಸಿಕ್ಕಿತು, 1957ರಲ್ಲಿ ಅದನ್ನು ಪ್ರಕಟಿಸಿದರು. 40 ವರ್ಷ ಕಳೆದು, 1997ರಲ್ಲಿ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಸಿಕ್ಕಿತು. ನಾವು ಸಾರು ಮಾಡಿ ಚಿಪ್ಪು ಬಿಸಾಡುವ ಏಡಿಯ ಕಾಲಲ್ಲಿ ಇಂಥದ್ದೊಂದು ಗುಟ್ಟು ಇತ್ತು.

ಸುಮಾರು ಅದೇ ಹೊತ್ತಿಗೆ ಅಮೆರಿಕದ ಮೇನ್ ಕರಾವಳಿಯಲ್ಲಿ ಕ್ನುಟ್ ಶ್ಮಿಟ್ ನೀಲ್ಸನ್ ಎಂಬ ನಾರ್ವೆ ಮೂಲದ ವಿಜ್ಞಾನಿ ನೀರುಕಾಗೆಗಳಿಗೆ ಸಮುದ್ರದ ನೀರು ಕೊಟ್ಟು ಮುಂದೇನಾಗುತ್ತದೆ ಎಂದು ಕಾಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಹಕ್ಕಿಯ ಕೊಕ್ಕಿನ ತುದಿಯಿಂದ ಹನಿ ಬಿತ್ತು. ಪರೀಕ್ಷಿಸಿದರೆ ಗಟ್ಟಿ ಉಪ್ಪುನೀರು. ಕಡಲ ಹಕ್ಕಿಗಳ ಕಣ್ಣಿನ ಮೇಲ್ಭಾಗದಲ್ಲಿ ಒಂದು ಗ್ರಂಥಿ ಇದೆ ಎಂದು ಅಂಗರಚನೆ ಬಲ್ಲವರಿಗೆ ಮೊದಲೇ ಗೊತ್ತಿತ್ತು, ಅದರ ಕೆಲಸ ಏನು ಅಂತ ಮಾತ್ರ ಗೊತ್ತಿರಲಿಲ್ಲ. 1958ರಲ್ಲಿ ಅವರು ಮತ್ತು ರಾಗ್ನರ್ ಫ್ಯಾಂಗೆ ಎಂಬ ಇನ್ನೊಬ್ಬ ವಿಜ್ಞಾನಿ ಸೇರಿ ಕಡಲಾಮೆಯ ಕಣ್ಣೀರೂ ಇದೇ ಎಂದು ತೋರಿಸಿದರು. ಒಂಟೆಯ ಡುಬ್ಬದಲ್ಲಿ ನೀರಿರುತ್ತದೆ ಅನ್ನುವ ಕಥೆಯನ್ನು ಸಹಾರಾಕ್ಕೆ ಹೋಗಿ ಒಂಟೆಗಳ ಮೇಲೆ ಕೆಲಸ ಮಾಡಿ ತಳ್ಳಿಹಾಕಿದವರಲ್ಲಿ ಈ ಶ್ಮಿಟ್ ನೀಲ್ಸನ್ ಅವರೇ ಪ್ರಮುಖರು. ಡುಬ್ಬದಲ್ಲಿರುವುದು ಕೊಬ್ಬು. ಇವತ್ತಿಗೂ ನಮ್ಮ ಎಷ್ಟೋ ಮಕ್ಕಳಿಗೆ ಡುಬ್ಬದಲ್ಲಿ ನೀರು ಅಂತಲೇ ಹೇಳಿಕೊಡುತ್ತಾರೆ, ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ.

ಮೊಸಳೆ ಕಣ್ಣೀರು ಅನ್ನುತ್ತೇವಲ್ಲ, ಉಪ್ಪುನೀರಿನ ಮೊಸಳೆಗೂ ಉಪ್ಪಿನ ಗ್ರಂಥಿಗಳಿವೆ. ಆದರೆ ಕಣ್ಣಿನ ಹತ್ತಿರ ಅಲ್ಲ, ನಾಲಿಗೆಯ ಮೇಲೆ. ಇದು ಗೊತ್ತಾದದ್ದು 1981ರಲ್ಲಿ. ರಂಪಣಿ ಬಲೆ ಎಳೆದಾಗ ಮೀನಿನ ಜೊತೆ ಬರುವ ಕಡಲ ಹಾವಿಗೆ ನಾಲಿಗೆಯ ಕೆಳಗೆ. ಬಂಗುಡೆಗೆ ಕಿವಿರಿನಲ್ಲೇ ಉಪ್ಪು ದಬ್ಬುವ ಕೋಶಗಳಿವೆ. ಶಾರ್ಕ್ ಮೀನಿನದ್ದು ಬೇರೆ ಜಾಣತನ. ಅದು ಯೂರಿಯಾವನ್ನು ರಕ್ತದಲ್ಲೇ ಉಳಿಸಿಕೊಂಡು ಮೈಯೊಳಗಿನ ಗಟ್ಟಿತನವನ್ನು ಸಮುದ್ರಕ್ಕೆ ಸರಿಸಮ ಮಾಡಿಕೊಳ್ಳುತ್ತದೆ, ಹಾಗಾಗಿ ಕಡಲು ಅದರ ನೀರನ್ನು ಹೀರುವುದಿಲ್ಲ. ಕಾರವಾರದ ಕಡೆ ಮೋರಿ ಮೀನು ಅನ್ನುತ್ತಾರಲ್ಲ, ಅದು ತಾಜಾ ಇಲ್ಲದಿದ್ದರೆ ಮೂಗಿಗೆ ಅಮೋನಿಯಾ ವಾಸನೆ ಹೊಡೆಯುವುದು ಈ ಯೂರಿಯಾ ಕೊಳೆಯುವುದರಿಂದಲೇ. ಮೀನು ಆರಿಸುವ ಹೆಂಗಸರು ಮೂಗಿಟ್ಟು ನೋಡಿ ಬೇಡ ಅನ್ನುವಾಗ ಮಾಡುವುದು ರಸಾಯನ ವಿಜ್ಞಾನವನ್ನೇ.

ಮಾರನೇ ದಿನ ಬೆಳಗ್ಗೆ ನಾವು ಶರಾವತಿ ಅಳಿವೆಯ ಕಾಂಡ್ಲಾ ಕಾಡಿಗೆ ಹೋದೆವು. ಅಲ್ಲಿ ಮರದ ಹಲಗೆ ಹಾಸಿದ ನಡಿಗೆ ದಾರಿ ಇದೆ. ಹೊನ್ನಾವರಕ್ಕೆ ಹೋಗುವವರು ಬೀಚು, ಸ್ವಚ್ಛ ಕಡಲತೀರದ ಗುರುತಾಗಿ ಇಕೋ ಬೀಚಿಗೆ ಸಿಕ್ಕ ನೀಲಿ ಬಾವುಟ, ಅಪ್ಸರಕೊಂಡ ಜಲಪಾತ ನೋಡಿ ವಾಪಸ್ ಬಂದುಬಿಡುತ್ತಾರೆ, ಕಾಂಡ್ಲಾಕ್ಕೆ ಒಂದು ಗಂಟೆಯಾದರೂ ಕೊಡಬೇಕು. ಉಪ್ಪುನೀರಿನಲ್ಲೇ ಬೇರು ಬಿಟ್ಟ ಗಿಡಗಳು ಇವು. ಕೆಲವು ಜಾತಿಗಳು ಬೇರಿನಲ್ಲೇ ಉಪ್ಪನ್ನು ಸೋಸಿ ಹೊರಗೇ ನಿಲ್ಲಿಸುತ್ತವೆ. ಅವಿಸೆನ್ನಿಯಾ ಜಾತಿಯವು ಒಳಗೆ ಬಂದ ಉಪ್ಪನ್ನು ಎಲೆಯ ಮೇಲಿನ ಗ್ರಂಥಿಗಳಿಂದ ಹೊರಗೆ ಹಾಕುತ್ತವೆ. ಬಿಸಿಲೇರಿದಾಗ ಎಲೆಯನ್ನು ಬಗ್ಗಿಸಿ ನೋಡಿದರೆ ಸಣ್ಣ ಸಣ್ಣ ಹರಳು ಹೊಳೆಯುತ್ತವೆ.

ಹತ್ತಿರದಲ್ಲೇ, ಗೋಕರ್ಣದ ಬಳಿ ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ. ಆಗರದಲ್ಲಿ ಸೂರ್ಯ ನೀರನ್ನು ಕೊಂಡೊಯ್ದು ಉಪ್ಪನ್ನು ಬಿಟ್ಟುಹೋಗುತ್ತಾನೆ. ಆಮೆ ಮಾಡುವುದು ಅದರ ಉಲ್ಟಾ, ಉಪ್ಪನ್ನು ಕಳಿಸಿ ನೀರನ್ನು ಉಳಿಸಿಕೊಳ್ಳುತ್ತದೆ. ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಇದೇ ಕಡಲ ನೀರಿನಿಂದ ಉಪ್ಪು ಮಾಡಿ ಕಾನೂನು ಮುರಿದರು. ಒಂದು ಜೀವಕ್ಕೆ ಬದುಕಲು ಹೊರಹಾಕಬೇಕಾದ ವಸ್ತು ಇನ್ನೊಂದಕ್ಕೆ ಜೈಲಿಗೆ ಹೋಗಿಯಾದರೂ ಬೇಕಾದ ವಸ್ತು. ಇದನ್ನು ನೆನೆದಾಗೆಲ್ಲ ನನಗೆ ಆ ಕರಾವಳಿ ಹೊಸದಾಗಿ ಕಾಣುತ್ತದೆ.

ನನಗಿರುವ ಚಿಂತೆ ಒಂದೇ. ಆಮೆ ಅಳುತ್ತಿದೆ ಎಂದು ನಂಬಿದವರು ಸಮಾಧಾನ ಮಾಡಲು ಹೋಗುತ್ತಾರೆ. ನೀರು ಚುಮುಕಿಸುತ್ತಾರೆ, ಬೆನ್ನು ಸವರುತ್ತಾರೆ, 'ಪಾಪ' ಎಂದು ಮೊಟ್ಟೆ ಇಡುವ ಮೊದಲೇ ಸಮುದ್ರಕ್ಕೆ ದೂಡುತ್ತಾರೆ. ಮೊಬೈಲಿನ ಬೆಳಕು ಮುಖಕ್ಕೇ ಹಿಡಿಯುತ್ತಾರೆ. ಮನಸ್ಸಿನಲ್ಲಿ ಕೆಟ್ಟದ್ದಿರುವುದಿಲ್ಲ. ಆದರೆ ಅಂಥ ಕರುಣೆಯಿಂದ ನೂರರಷ್ಟು ಮೊಟ್ಟೆಗಳ ಗೂಡೊಂದು ತಪ್ಪಿಹೋಗಬಹುದು. ಆಲಿವ್ ರಿಡ್ಲೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಹಿಡಿಯುವುದು, ಮೊಟ್ಟೆ ಎತ್ತುವುದು ಅಪರಾಧ. ದೂರ ಕೂತು ಸುಮ್ನೆ ನೋಡಿದರೆ ಸಾಕು.

ಆ ರಾತ್ರಿ ನಾನು ಇಷ್ಟನ್ನೂ ಮೆಲುದನಿಯಲ್ಲಿ ವಿವರಿಸಿದಾಗ ಆ ಹಿರಿಯ ಮೀನುಗಾರರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. 'ಹಂಗಾರೆ ಅದ್ಕೆ ನೋವೇ ಆಗೂದಿಲ್ವಾ?'

ಒಳ್ಳೆಯ ಪ್ರಶ್ನೆ. ಕಣ್ಣೀರು ನೋವಿನ ಗುರುತಲ್ಲ ಎಂದಷ್ಟೇ ನಾನು ಹೇಳಿದ್ದು, ನೋವಿಲ್ಲ ಎಂದಲ್ಲ. ಭಾರದ ಮೈಯನ್ನು ಮರಳಿನ ಮೇಲೆ ಎಳೆದುಕೊಂಡು ಬಂದು ಗುಂಡಿ ತೋಡುವುದು ಅದಕ್ಕೆ ಎಷ್ಟು ಕಷ್ಟವೋ ಏನೋ, ಅದನ್ನು ಕಣ್ಣೀರಿನಿಂದ ಅಳೆಯಲು ಬರುವುದಿಲ್ಲ. ಹಾಗೆಂದೆ. ಅವರು ತಲೆಯಾಡಿಸಿದರು.

ಆಮೆ ಗುಂಡಿ ಮುಚ್ಚಿ, ಮೈಯಿಂದ ಮರಳನ್ನು ತಟ್ಟಿ ಗಟ್ಟಿ ಮಾಡಿ, ತಿರುಗಿ ಕಡಲಿನ ಕಡೆ ಹೊರಟಿತು. ಆರೇಳು ವಾರ ಕಳೆದು ಆ ಗುಂಡಿಯಿಂದ ಏಳುವ ಮರಿಗಳು ಅಂಗೈಗಿಂತ ಚಿಕ್ಕವು. ಮರಳಿನಲ್ಲಿ ತೆವಳಿ ಒಣಗಿದ ಮೈಯಲ್ಲಿ ಅಲೆಗೆ ಇಳಿಯುತ್ತವೆ. ಇಳಿದ ಮೇಲೆ ಅವು ಕುಡಿಯುವುದು ಆ ಉಪ್ಪು ನೀರನ್ನೇ. ಕಾಳಿನಷ್ಟು ಚಿಕ್ಕ ಕಣ್ಣಿನ ಹಿಂದೆ ಏತ ಆಗಲೇ ಶುರುವಾಗಿರುತ್ತದೆ.