ವೈಫೈ ಹೆಸರು ಅಡಗಿಸಿಟ್ಟರೆ ಸಾಕಾ?

ಪ್ರಶ್ನೆ: ನಮ್ಮ ಮನೆಯ ವೈಫೈ ಹೆಸರು ಯಾರ ಫೋನಿನಲ್ಲೂ ಕಾಣದ ಹಾಗೆ ಅಡಗಿಸಿದ್ದೇನೆ. ಮನೆಯವರ ಫೋನು, ಲ್ಯಾಪ್‌ಟಾಪ್ ಬಿಟ್ಟು ಬೇರೆ ಯಾವುದೂ ಸೇರಬಾರದು ಅಂತ ಮ್ಯಾಕ್ ಫಿಲ್ಟರ್ ಕೂಡ ಹಾಕಿದ್ದೇನೆ. ಪಾಸ್‌ವರ್ಡ್ ಮಾತ್ರ ನೆನಪಿರಲಿ ಅಂತ ನನ್ನ ಮೊಬೈಲ್ ನಂಬರನ್ನೇ ಇಟ್ಟಿದ್ದೇನೆ. ಇಷ್ಟು ಸಾಕು ಅಲ್ವಾ?

ಉತ್ತರ: ಸಾಕಾಗುವುದಿಲ್ಲ. ನೀವು ಕಷ್ಟಪಟ್ಟು ಮಾಡಿದ ಮೊದಲ ಎರಡು ಕೆಲಸದಿಂದ ಹೆಚ್ಚೇನೂ ಉಪಯೋಗವಿಲ್ಲ. ಸುಮ್ನೆ ನೆನಪಿಗೆ ಅಂತ ಮಾಡಿದ ಮೂರನೆಯದೇ ದೊಡ್ಡ ತೂತು. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಕೆಲವು ವರ್ಷ ಹೀಗೇ ಮಾಡಿಕೊಂಡು ಜಾಣ ಅಂದುಕೊಂಡಿದ್ದೆ.

ಮೊದಲು ಹೆಸರಿನ ವಿಷಯ. ರೌಟರ್ ಸೆಕೆಂಡಿಗೆ ಸುಮಾರು 10 ಸಲ ‘ನಾನಿಲ್ಲಿದ್ದೇನೆ, ನನ್ನ ಹೆಸರು ಇಂಥದ್ದು’ ಅಂತ ಕೂಗುತ್ತಿರುತ್ತದೆ. ಈ ಕೂಗಿಗೆ ಬೀಕನ್ ಅನ್ನುತ್ತಾರೆ. ಹೆಸರು ಅಡಗಿಸಿದರೆ ಕೂಗೇನೂ ನಿಲ್ಲುವುದಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ಅಷ್ಟೇ ಜೋರಾಗಿ ಕೂಗುತ್ತದೆ.

ಒಂದು ಭಾನುವಾರ ನಮ್ಮ ಮನೆಯ ವೈಫೈ ಮೇಲೇ ಇದನ್ನು ನೋಡಿದೆ. ಹಳೇ ಲ್ಯಾಪ್‌ಟಾಪಿನಲ್ಲಿ ವೈರ್‌ಶಾರ್ಕ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ, ಗಾಳಿಯಲ್ಲಿ ಓಡಾಡುವ ಸಂದೇಶಗಳನ್ನು ಸಾಲಾಗಿ ತೋರಿಸುವ ಹಾಗೆ ಮಾಡಿದೆ. ಬೀಕನ್‌ಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ಹೆಸರಿನ ಕಡೆ ಮಾತ್ರ ಖಾಲಿ. ಪರವಾಗಿಲ್ಲವೇ ಅಂದುಕೊಂಡೆ. ಅಷ್ಟರಲ್ಲಿ ಹಾಲು ತರಲು ಹೋಗಿದ್ದ ಹೆಂಡತಿ ವಾಪಸ್ ಬಂದಳು. ಅವಳು ಗೇಟಿನ ಚಿಲಕ ತೆಗೆಯುವ ಹೊತ್ತಿಗೆ ಅವಳ ಫೋನು ವೈಫೈಗೆ ಸೇರಿತು. ನಾನು ಅಡಗಿಸಿಟ್ಟಿದ್ದ ಹೆಸರು ಪೂರ್ತಿಯಾಗಿ ಪರದೆಯ ಮೇಲೆ ಬಂದು ಕೂತಿತ್ತು. ಫೋನು ಸೇರಬೇಕಾದರೆ ಹೆಸರು ಹೇಳಲೇಬೇಕು, ಅದನ್ನು ಗುಟ್ಟಾಗಿ ಹೇಳುವ ವ್ಯವಸ್ಥೆಯೇ ಇಲ್ಲ.

ಇದರಲ್ಲಿ ಇನ್ನೂ ಒಂದು ತಲೆನೋವಿದೆ. ಹೆಸರು ಕಾಣುವ ವೈಫೈ ಆದರೆ ಫೋನು ಅದರ ಬೀಕನ್ ಕೇಳಿಸಿಕೊಂಡು ಸೇರಿಕೊಳ್ಳುತ್ತದೆ. ಅಡಗಿದ ವೈಫೈಯ ಬೀಕನ್‌ನಲ್ಲಿ ಹೆಸರೇ ಇಲ್ಲವಲ್ಲ, ಹಾಗಾಗಿ ಫೋನೇ ‘ಇಂಥ ಹೆಸರಿನವರು ಇದ್ದೀರಾ?’ ಅಂತ ಕೇಳಿಕೊಂಡು ತಿರುಗಬೇಕು. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲೂ ಕೇಳುತ್ತದೆ, ಮದುವೆ ಛತ್ರದಲ್ಲೂ ಕೇಳುತ್ತದೆ. ಮನೆಯಲ್ಲಿ ಅಡಗಿಸಿದ ಹೆಸರನ್ನು ಜೇಬಿನಲ್ಲಿರುವ ಫೋನು ಊರಿಗೆಲ್ಲ ಸಾರಿದಂತಾಯಿತು.

ಮ್ಯಾಕ್ ಫಿಲ್ಟರ್ ಕಥೆಯೂ ಹೆಚ್ಚು ಕಡಿಮೆ ಇದೇ. ಪ್ರತಿ ಸಾಧನದ ವೈಫೈಗೆ 12 ಅಕ್ಷರ–ಅಂಕಿಗಳ ಒಂದು ವಿಳಾಸ ಇರುತ್ತದೆ, ಅದೇ ಮ್ಯಾಕ್ ವಿಳಾಸ. ಪಟ್ಟಿಯಲ್ಲಿರುವ ವಿಳಾಸಗಳನ್ನು ಮಾತ್ರ ಒಳಗೆ ಬಿಡುವುದು ಫಿಲ್ಟರಿನ ಕೆಲಸ. ನೀವು ಕಳಿಸುವ ಮಾಹಿತಿ ಗೂಢಲಿಪಿಯಲ್ಲಿ ಹೋದರೂ ಈ ವಿಳಾಸ ಮಾತ್ರ ಲಕೋಟೆಯ ಮೇಲೆ ಬರೆದ ಹಾಗೆ ಎಲ್ಲರಿಗೂ ಕಾಣುತ್ತದೆ. ಅದನ್ನು ನೋಡಿಕೊಂಡು ತನ್ನ ಲ್ಯಾಪ್‌ಟಾಪಿಗೆ ಅದೇ ವಿಳಾಸ ಹಾಕಿಕೊಳ್ಳುವುದು ಒಂದು ನಿಮಿಷದ ಕೆಲಸ. ತೊಂದರೆ ಅನುಭವಿಸುವವರು ನೀವೇ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ಪ್ರತಿ ವೈಫೈಗೂ ಒಂದೊಂದು ಸುಳ್ಳು ವಿಳಾಸ ಹೇಳುತ್ತವೆ, ಯಾರೂ ಹಿಂಬಾಲಿಸದಿರಲಿ ಅಂತ. ಫೋನಿನ ಅಸಲಿ ವಿಳಾಸ ನೋಡಿ ಪಟ್ಟಿಗೆ ಸೇರಿಸಿದವರು ‘ಯಾಕೆ ಸೇರ್ತಾ ಇಲ್ಲ’ ಅಂತ ಅರ್ಧ ದಿನ ತಲೆ ಕೆರೆದುಕೊಳ್ಳುತ್ತಾರೆ. ತೆಗೆದುಬಿಡಿ, ಆರಾಮ.

ಈಗ ಮೊಬೈಲ್ ನಂಬರಿಗೆ ಬರೋಣ. ಇಲ್ಲಿ ಸ್ವಲ್ಪ ಲೆಕ್ಕ ಇದೆ, ಆದರೆ ಸುಲಭದ ಲೆಕ್ಕ.

ಫೋನು ವೈಫೈಗೆ ಸೇರುವಾಗ ಪಾಸ್‌ವರ್ಡನ್ನು ಬಾಯಿಬಿಟ್ಟು ಹೇಳುವುದಿಲ್ಲ. ಈಗ ಹೆಚ್ಚಿನ ಮನೆಗಳಲ್ಲಿರುವುದು 2004ರಲ್ಲಿ ಬಂದ ಡಬ್ಲ್ಯುಪಿಎ2 ಅನ್ನುವ ಭದ್ರತಾ ವಿಧಾನ. ಅದರಲ್ಲಿ ಫೋನು ಮತ್ತು ರೌಟರ್ ನಡುವೆ ನಾಲ್ಕು ಸಂದೇಶ ಓಡಾಡುತ್ತವೆ. ‘ನಿನಗೆ ಪಾಸ್‌ವರ್ಡ್ ಗೊತ್ತಿದ್ದರೆ ಈ ಲೆಕ್ಕದ ಉತ್ತರ ಹೇಳು ನೋಡೋಣ’ ಅನ್ನುವ ಥರ. ರಸ್ತೆಯಲ್ಲಿ ನಿಂತವರು ಈ ನಾಲ್ಕು ಸಂದೇಶ ರೆಕಾರ್ಡ್ ಮಾಡಿಕೊಂಡು ಹೋದರು ಅಂತಿಟ್ಟುಕೊಳ್ಳಿ. ಆಮೇಲೆ ಮನೆಯಲ್ಲಿ ಕೂತು ಒಂದೊಂದೇ ಪಾಸ್‌ವರ್ಡ್ ಊಹಿಸಿ, ಅದೇ ಲೆಕ್ಕ ಮಾಡಿ, ಉತ್ತರ ತಾಳೆಯಾಗುತ್ತದಾ ಅಂತ ನೋಡಬಹುದು. ಇದಕ್ಕೆ ನಿಮ್ಮ ರೌಟರ್ ಬೇಕಾಗಿಯೇ ಇಲ್ಲ. ಅದಕ್ಕೆ ಸುಳಿವೂ ಸಿಗುವುದಿಲ್ಲ.

ಊಹೆ ನಿಧಾನ ಆಗಲಿ ಅಂತಲೇ ಡಬ್ಲ್ಯುಪಿಎ2 ಮಾಡಿದವರು ಪ್ರತಿ ಪಾಸ್‌ವರ್ಡನ್ನೂ 4096 ಸಲ ಅರೆಯುವ, ಅಂದರೆ ಒಂದೇ ಥರದ ಲೆಕ್ಕವನ್ನು ಮತ್ತೆ ಮತ್ತೆ ಮಾಡುವ ನಿಯಮ ಇಟ್ಟರು. ಆಗಿನ ಕಂಪ್ಯೂಟರಿಗೆ ಅದು ಭಾರವೇ. ಈಗ ಗೇಮ್ ಆಡಲು ಕೊಳ್ಳುವ ದುಬಾರಿ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಊಹೆ ಮಾಡುತ್ತದೆ. ನಮ್ಮ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುವ 10 ಅಂಕಿ. ಅಂದರೆ ಒಟ್ಟು 400 ಕೋಟಿ ಸಾಧ್ಯತೆ. ಕೇಳಲು ದೊಡ್ಡದು. ಸೆಕೆಂಡಿಗೆ 10 ಲಕ್ಷದಂತೆ ಭಾಗಿಸಿ ನೋಡಿ: 4000 ಸೆಕೆಂಡು. ಕುಕ್ಕರ್ ಇಟ್ಟು, ಅನ್ನ ಸಾರು ಮಾಡಿ, ಊಟ ಮುಗಿಸುವಷ್ಟರಲ್ಲಿ ದೇಶದ ಅಷ್ಟೂ ಮೊಬೈಲ್ ನಂಬರ್ ಪರೀಕ್ಷೆ ಮಾಡಿ ಆಗಿರುತ್ತದೆ. ಹುಟ್ಟಿದ ದಿನಾಂಕ ಇಟ್ಟಿದ್ದರೆ ಕೇಳಲೇಬೇಡಿ. 100 ವರ್ಷದ ಎಲ್ಲ ದಿನಾಂಕ ಸೇರಿಸಿದರೂ 36,525 ಅಷ್ಟೆ, ಕಣ್ಣು ಮಿಟುಕಿಸುವ ಮೊದಲೇ ಮುಗಿಯಿತು.

ಇದೆಲ್ಲ ನಿಮ್ಮ ನಂಬರ್ ಯಾರಿಗೂ ಗೊತ್ತಿಲ್ಲ ಅಂದುಕೊಂಡರೆ. ನಮ್ಮ ಬೀದಿಯಲ್ಲಿ ಒಂದು ಮನೆಯ ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಅನ್ನುವ ಬೋರ್ಡು ತೂಗುತ್ತಿತ್ತು, ಕೆಳಗೆ ದಪ್ಪಕ್ಷರದಲ್ಲಿ ನಂಬರ್. ಅವರ ವೈಫೈ ಪಾಸ್‌ವರ್ಡೂ ಅದೇ. ಇಂಟರ್‌ನೆಟ್ ಹಾಕಲು ಬಂದ ಹುಡುಗನೇ ‘ಸರ್, ನಂಬರ್ ಇಟ್ಟುಬಿಡ್ಲಾ, ಮರೆಯಲ್ಲ’ ಅಂದಿದ್ದನಂತೆ. ಅದನ್ನು ಅವರೇ ನನಗೆ ಹೇಳಿದ್ದು, ನಗುತ್ತಾ.

ಯಾರು ಬರ್ತಾರೆ ನಮ್ಮ ವೈಫೈಗೆ, ಬಂದರೂ ಸ್ವಲ್ಪ ಡೇಟಾ ಹೋಗಬಹುದು ಅಷ್ಟೇ ತಾನೆ, ಅನ್ನುವವರಿದ್ದಾರೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟ ನಡೆಯಿತು. ಅದಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿ ಸಂಸ್ಥೆಗಳಿಗೆ ಒಂದು ಬೆದರಿಕೆ ಇಮೇಲ್ ಬಂದಿತ್ತು. ಅದರ ಜಾಡು ಹಿಡಿದು ಪೊಲೀಸರು ಹೋಗಿದ್ದು ನವಿ ಮುಂಬೈಯಲ್ಲಿ ವಾಸವಿದ್ದ ಒಬ್ಬ ಅಮೆರಿಕನ್ ಪ್ರಜೆಯ ಮನೆಗೆ. ಅವರಿಗೂ ಇಮೇಲಿಗೂ ಸಂಬಂಧ ಇರಲಿಲ್ಲ, ಬೇರೆಯವರು ಅವರ ವೈಫೈ ಬಳಸಿಕೊಂಡಿದ್ದರು. ಅದನ್ನು ನಂಬಿಸುವವರೆಗೆ ಅವರು ವಿಚಾರಣೆ ಎದುರಿಸಬೇಕಾಯಿತು.

ಹಾಗಾದರೆ ಎಂಥ ಪಾಸ್‌ವರ್ಡ್ ಇಡಬೇಕು? ಚಿಹ್ನೆ, ಅಂಕಿ ಎಲ್ಲ ಬೆರೆಸಿದ ಎಂಟಕ್ಷರದ ಕಗ್ಗಂಟು ನನಗೆ ಇಷ್ಟವಿಲ್ಲ. ನೆಂಟರು ಬಂದಾಗ ಹೇಳಲು ಆಗುವುದಿಲ್ಲ. ಉದ್ದ ಇರಲಿ, ಸುಲಭ ಇರಲಿ. ಒಂದಕ್ಕೊಂದು ಸಂಬಂಧವಿಲ್ಲದ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ: ಹುಣಸೆ, ಪೆಡಲ್, ಮೆಟ್ಟಿಲು, ಜೀರಿಗೆ, ಕೊಡೆ. ಇವನ್ನೇ ಇಡಬೇಡಿ ಮತ್ತೆ, ಇವು ಈಗ ಪ್ರಿಂಟಾಗಿ ಹೋದವು. ಕಣ್ಣು ಮುಚ್ಚಿ ನಿಘಂಟಿನ ಪುಟ ತೆರೆದು ಬೆರಳಿಟ್ಟರೆ ಒಳ್ಳೆಯ ಪದ ಸಿಗುತ್ತವೆ. ಗಾದೆ, ವಚನ, ಸಿನಿಮಾ ಹಾಡಿನ ಸಾಲು ಬೇಡ. ನಮಗೆ ನೆನಪಿರುವುದು ಊಹಿಸುವವರಿಗೂ ನೆನಪಿರುತ್ತದೆ.

ಎಷ್ಟು ಪದ? 2000 ಮಾಮೂಲಿ ಪದಗಳ ಪಟ್ಟಿಯಿಂದ ನಾಲ್ಕು ಪದ ಆರಿಸಿದರೆ, ಅದೇ ಗ್ರಾಫಿಕ್ಸ್ ಕಾರ್ಡಿಗೆ ಎಲ್ಲವನ್ನೂ ಪರೀಕ್ಷಿಸಲು ಸುಮಾರು ಆರು ತಿಂಗಳು ಬೇಕು. ಐದು ಪದ ಆರಿಸಿದರೆ ಸುಮಾರು ಸಾವಿರ ವರ್ಷ. ಒಂದೇ ಒಂದು ಪದಕ್ಕೆ ಇಷ್ಟು ವ್ಯತ್ಯಾಸ. ನಾನು ಐದೇ ಅನ್ನುತ್ತೇನೆ. ಜೊತೆಗೆ ನಮ್ಮ ಪದಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತೇವಲ್ಲ, ಆ ಗಲಿಬಿಲಿಯೂ ಇಲ್ಲಿ ಲಾಭವೇ. ಗರಿಷ್ಠ 63 ಅಕ್ಷರ ಹಿಡಿಯುತ್ತದೆ, ಜಾಗಕ್ಕೆ ಬರವಿಲ್ಲ.

ನಿಮ್ಮ ರೌಟರಿನಲ್ಲಿ ಡಬ್ಲ್ಯುಪಿಎ3 ಇದ್ದರೆ ಅದನ್ನೇ ಆರಿಸಿ. 2018ರಲ್ಲಿ ಬಂದ ಇದರಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ ಮನೆಯಲ್ಲಿ ಊಹಿಸುವ ಆಟ ನಡೆಯುವುದಿಲ್ಲ. ಪ್ರತಿ ಊಹೆಗೂ ರೌಟರನ್ನೇ ಕೇಳಬೇಕು. ಹಳೇ ಟಿವಿ, ಪ್ರಿಂಟರ್ ಇದ್ದರೆ ಅವು ಸೇರದೆ ಹೋಗಬಹುದು, ಆಗ ಎರಡೂ ಬೆರೆತ ಆಯ್ಕೆ ಇರುತ್ತದೆ. ಬೆರಕೆಯಲ್ಲಿ ಹಳೇ ಸಾಧನಗಳು ಡಬ್ಲ್ಯುಪಿಎ2ನಲ್ಲೇ ಸೇರುತ್ತವೆ, ಆದ್ದರಿಂದ ಐದು ಪದದ ಪಾಸ್‌ವರ್ಡ್ ಆಗಲೂ ಬೇಕು. ಡಬ್ಲ್ಯುಇಪಿ ಅನ್ನುವ ಇನ್ನೂ ಹಳೇ ವಿಧಾನದ ಹೆಸರು ಕಂಡರೆ ಮುಟ್ಟಬೇಡಿ, ಅದರ ದೋಷ 2001ರಲ್ಲೇ ಬಯಲಾಗಿದೆ.

ಹಾಗೆಯೇ ಡಬ್ಲ್ಯುಪಿಎಸ್ ಪಿನ್ ಆಫ್ ಮಾಡಿ. ಎಂಟು ಅಂಕಿಯ ಪಿನ್ ಹಾಕಿದರೆ ಪಾಸ್‌ವರ್ಡ್ ಇಲ್ಲದೆ ಸೇರಿಸಿಕೊಳ್ಳುವ ಸೌಲಭ್ಯ ಅದು. ಎಂಟು ಅಂಕಿ ಅಂದರೆ 10 ಕೋಟಿ ಸಾಧ್ಯತೆ ಇರಬೇಕು. ಆದರೆ ರೌಟರ್ ಮೊದಲ ನಾಲ್ಕು ಅಂಕಿ ಸರಿಯಾ ಅಂತ ಬೇರೆಯಾಗಿ ಹೇಳಿಬಿಡುತ್ತದೆ, ಕೊನೆಯ ಅಂಕಿ ಉಳಿದ ಏಳರಿಂದ ಲೆಕ್ಕ ಹಾಕಿ ಬಂದದ್ದು. ಹಾಗಾಗಿ 11,000 ಸಲ ಪ್ರಯತ್ನಿಸಿದರೆ ಮುಗಿಯಿತು. 2011ರ ಕೊನೆಯಲ್ಲಿ ಇದು ಹೊರಬಿತ್ತು. ಐದು ಪದದ ಪಾಸ್‌ವರ್ಡ್ ಇಟ್ಟು ಇದನ್ನು ಆನ್ ಇಟ್ಟರೆ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ರೌಟರಿನ ಒಳಗೆ ಹೋಗುವ ಪಾಸ್‌ವರ್ಡ್ ಬೇರೆ, ಅದೂ ಬದಲಾಗಬೇಕು. ಬ್ರೌಸರಿನಲ್ಲಿ ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಹಾಕಿದರೆ ರೌಟರಿನ ಸೆಟ್ಟಿಂಗ್ ಪುಟ ಬರುತ್ತದೆ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಕಾರ್ಖಾನೆಯಿಂದ ಬಂದ ‘ಅಡ್ಮಿನ್, ಅಡ್ಮಿನ್’ ಥರದ ಸುಮಾರು 60 ಹೆಸರು–ಪಾಸ್‌ವರ್ಡ್ ಜೋಡಿಗಳನ್ನು ಪ್ರಯತ್ನಿಸಿಯೇ ಲಕ್ಷಾಂತರ ಕ್ಯಾಮೆರಾ, ರೌಟರುಗಳ ಒಳಗೆ ಹೊಕ್ಕಿತ್ತು. ಅದೇ ಸೆಟ್ಟಿಂಗ್ ಪುಟದಲ್ಲಿ ಗೆಸ್ಟ್ ನೆಟ್‌ವರ್ಕ್ (ಅತಿಥಿಗಳಿಗೆ ಅಂತ ಬೇರೆ ವೈಫೈ) ಇದ್ದರೆ ಆನ್ ಮಾಡಿ, ನೆಂಟರಿಗೂ ಅಗ್ಗದ ಸ್ಮಾರ್ಟ್ ಬಲ್ಬಿಗೂ ಅದನ್ನೇ ಕೊಡಿ.

ಹೆಸರನ್ನು ಮತ್ತೆ ಕಾಣುವ ಹಾಗೆ ಮಾಡುವಾಗ ಕನ್ನಡದಲ್ಲೇ ಇಡಬಹುದು, ಕೆಲವು ರೌಟರ್ ಒಪ್ಪುತ್ತವೆ. ಹೆಸರಿಗೆ 32 ಬೈಟ್ ಮಿತಿ (ಬೈಟ್ ಅಂದರೆ ಕಂಪ್ಯೂಟರಿನಲ್ಲಿ ಜಾಗ ಅಳೆಯುವ ಮಾಪ). ಕನ್ನಡದ ಪ್ರತಿ ಅಕ್ಷರ, ಗುಣಿತದ ಚಿಹ್ನೆ, ಒತ್ತಕ್ಷರ ಬೆಸೆಯುವ ಚಿಹ್ನೆ ಮೂರು ಮೂರು ಬೈಟ್ ತಿನ್ನುತ್ತವೆ. ‘ಅಜ್ಜಿಮನೆ’ಗೆ 24 ಆಯಿತು, ಹಿಡಿಸುತ್ತದೆ. ಅದಕ್ಕಿಂತ ತೀರ ಉದ್ದದ್ದು ಆಸೆಪಡಬೇಡಿ. ಹೆಸರೂ ಪಾಸ್‌ವರ್ಡ್ ಅರೆಯುವ ಲೆಕ್ಕದೊಳಗೆ ಸೇರುವುದರಿಂದ ಮಾಮೂಲಿ ಹೆಸರುಗಳಿಗೆ ಮೊದಲೇ ಲೆಕ್ಕ ಮಾಡಿಟ್ಟುಕೊಳ್ಳಬಹುದು, ಹಾಗಾಗಿ ರೌಟರ್ ಜೊತೆ ಬಂದ ಹೆಸರಿಗಿಂತ ನಿಮ್ಮದೇ ಒಂದು ಹೆಸರು ವಾಸಿ.

ಇದನ್ನೆಲ್ಲ ಮಾಡಿದ ಮೇಲೆ ಮನೆಯ ಪ್ರತಿ ಫೋನಿನಲ್ಲೂ ಹಳೇ ವೈಫೈಯನ್ನು ಅಳಿಸಿಯೇ ಹೊಸದಾಗಿ ಸೇರಿಸಿ. ಇಲ್ಲದಿದ್ದರೆ ಆ ಫೋನು ಹಳೇ ಅಡಗಿದ ಹೆಸರನ್ನು ಹುಡುಕುತ್ತಲೇ ಇರುತ್ತದೆ. ಒಂದು ಫೋನಿಗೆ ಸೇರಿಸಿದರೆ ಉಳಿದವಕ್ಕೆ ಅದರಲ್ಲಿ ಬರುವ ಕ್ಯೂಆರ್ ಕೋಡ್ ತೋರಿಸಿದರೆ ಆಯಿತು. ಟಿವಿಗೆ ಮಾತ್ರ ರಿಮೋಟಿನ ಬಾಣದ ಗುಂಡಿ ಒತ್ತುತ್ತಾ ಐದೂ ಪದ ಬರೆಯಬೇಕು. ಆಗ ನನ್ನನ್ನು ಬೈದುಕೊಳ್ಳುತ್ತೀರಿ, ಗೊತ್ತು.